ಹನಿಯಬೇಕಾದ ಪಂಪು

ಮೊನ್ನೆ ಕೊಲ್ಹಾಪುರದಿಂದ ಬರುವಾಗ ಕೊಗನೊಳ್ಳಿ ದಾಟಿದ ಕೂಡಲೇ ನಮ್ಮ ಬಸ್ಸಿನ ಎಂಜಿನ್ ಕುದಿಯಿತು. ಡ್ರೈವರ್ ರಸ್ತೆಯ ಪಕ್ಕಕ್ಕೆ ನಿಲ್ಲಿಸಿ ಮುಚ್ಚಳ ಎತ್ತಿದ. ಬಿಸಿ ತುಕ್ಕಿನ ನೀರು, ಸುಟ್ಟ ಗ್ರೀಸು, ಕಾದ ರಬ್ಬರು ಸೇರಿದ ಆ ವಾಸನೆ ಹಬೆಯ ಜೊತೆ ಒಳಗೆ ನುಗ್ಗಿತು. ಉಳಿದವರು ಮೂಗಿಗೆ ಸೆರಗು, ಟವೆಲು ಹಿಡಿದರು. ನಾನು ಮಾತ್ರ ಇಳಿದು ಹೋಗಿ ಡ್ರೈವರನ ಬೆನ್ನ ಹಿಂದೆ ನಿಂತೆ. "ಪಂಪ್ ಕೆಟ್ಟತೇನ್ರಿ, ಇಲ್ಲಾ ಪೈಪ್ ಒಡದತ್ರಿ?" ಅಂದೆ. ಅವನು ತಿರುಗಿ ನೋಡಿ, "ಬಾಯಾರ, ನೀವೇನ್ ಮೆಕ್ಯಾನಿಕ್ ಏನ್ರಿ?" ಅಂದ.

ಅಲ್ಲ. ಆದರೆ ಎಂಬತ್ತೊಂಬತ್ತರ ಬೇಸಿಗೆಯಲ್ಲಿ ಸುಮಾರು ಒಂದು ತಿಂಗಳು ನಾನು ನೀರಿನ ಪಂಪಿನ ಹೊರತು ಬೇರೆ ಏನನ್ನೂ ಯೋಚಿಸಿರಲಿಲ್ಲ. ಉಣ್ಣುವಾಗ ಪಂಪು, ಸ್ನಾನ ಮಾಡುವಾಗ ಪಂಪು. ಈಗ ನೆನೆದರೂ ಅಂಗೈ ಬೆಚ್ಚಗಾಗುತ್ತದೆ.

ಆಗ ನಾನು ನಿಪ್ಪಾಣಿಯಲ್ಲಿ ಬಿ.ಎ. ಎರಡನೆಯ ವರ್ಷ ಮುಗಿಸಿದ್ದೆ. ಚರ್ಚಾಸ್ಪರ್ಧೆಗಳಲ್ಲಿ ಕಾಲೇಜಿಗೆ ಎರಡು ಢಾಲು ತಂದಿದ್ದೆ. ಯಾರು ಏನು ಹೇಳಿದರೂ "ಇದು ನಿಮಗೆ ಹೇಗೆ ಗೊತ್ತು?" ಎಂದು ಕೇಳುವುದು ನನಗೆ ಅಭ್ಯಾಸವಾಗಿತ್ತು. ದೇವರ ಪ್ರಸಾದ ಕೊಟ್ಟವರನ್ನೂ ಕೇಳುತ್ತಿದ್ದೆ, ಮದುವೆಯ ಪ್ರಸ್ತಾಪ ತಂದವರನ್ನೂ ಕೇಳುತ್ತಿದ್ದೆ. ಈ ಎರಡನೆಯ ಕಾರಣಕ್ಕೇ ಅವ್ವ ನನ್ನನ್ನು ರಜೆಯಲ್ಲಿ ಚಿಕ್ಕೋಡಿಗೆ, ಶಾಂತಾ ಮಾವಶಿಯ ಮನೆಗೆ ಅಟ್ಟಿದ್ದಳು.

ಮಾವಶಿ ಅವ್ವನ ಅಕ್ಕ. ಹೆಣ್ಣುಮಕ್ಕಳ ಶಾಲೆಯ ಮುಖ್ಯಾಧ್ಯಾಪಕಿಯಾಗಿ ನಿವೃತ್ತಳಾಗಿದ್ದಳು. ಗಂಡ ತೀರಿಕೊಂಡು ಎಂಟು ವರ್ಷವಾಗಿತ್ತು. ಅವರು ಯಾವುದೋ ಇನಾಂದಾರರ ಹರಾಜಿನಲ್ಲಿ ಕೊಂಡ ಕರಿಯ ಕಾರೊಂದು ಅಂಗಳದ ತಗಡಿನ ಚಪ್ಪರದಲ್ಲಿತ್ತು. ಯುದ್ಧಕ್ಕೂ ಮುಂಚಿನ ವಿಲಾಯತಿ ಗಾಡಿ. ಎರಡು ದೊಡ್ಡ ಕಣ್ಣು, ಪಕ್ಕದಲ್ಲಿ ಹತ್ತಲು ಮೆಟ್ಟಿಲು, ಮೂತಿಯ ತುದಿಯಲ್ಲಿ ರೇಡಿಯೇಟರಿನ ಮುಚ್ಚಳ, ಆ ಮುಚ್ಚಳದ ಮೇಲೆ ಗಾಜಿನ ಉಷ್ಣಮಾಪಕ. ಒಳಗೆ ನೀರು ಕಾದಷ್ಟೂ ಗಾಜಿನಲ್ಲಿ ಕೆಂಪು ಗೆರೆ ಏರುತ್ತಿತ್ತು. ಓಡಿಸುವವರು ಕೂತಲ್ಲಿಂದಲೇ ನೋಡಬಹುದಿತ್ತು. ಗಂಡನಿಗೆ ಅದು ಶೋಕಿಯಾಗಿತ್ತು. ಮಾವಶಿಗೆ ಅದು ಕಾಲಾಯಿತು. ಐವತ್ತು ದಾಟಿದ ಮೇಲೆ ಡ್ರೈವಿಂಗ್ ಕಲಿತು, ವಾರಕ್ಕೆ ಮೂರು ದಿನ ನಿಪ್ಪಾಣಿಗೆ ಹೋಗಿ ಬೀಡಿ ಕಟ್ಟುವ ಹೆಂಗಸರಿಗೆ ಸಂಜೆ ಓದು ಬರಹ ಕಲಿಸುತ್ತಿದ್ದಳು. ಪಾಠ ಮುಗಿಯುವ ಹೊತ್ತಿಗೆ ಚಿಕ್ಕೋಡಿಗೆ ಬಸ್ಸು ಸಿಗುವುದು ಖಾತ್ರಿಯಿರಲಿಲ್ಲ. ಗಾಡಿ ಇದ್ದರೆ ಪಾಠ, ಇಲ್ಲದಿದ್ದರೆ ಇಲ್ಲ.

ಆ ಬೇಸಿಗೆಯಲ್ಲಿ ಗಾಡಿ ಕುದಿಯತೊಡಗಿತು. ಒಮ್ಮೆ ಅಲ್ಲ, ಮೂರು ಸಲ. ಮೂರನೆಯ ಸಲ ಸಂತೆಯ ದಿನ, ತುಂಬಿದ ಬಜಾರದ ನಟ್ಟನಡುವೆ. ಸುದ್ದಿ ಅಥಣಿ ಮುಟ್ಟಿತು. ಮರುದಿನವೇ ಅಣ್ಣಾ ಕಾಕಾ, ಅಂದರೆ ಮಾವಶಿಯ ಗಂಡನ ಅಣ್ಣ, ಬೆಳಗಿನ ಬಸ್ಸಿಗೆ ಬಂದಿಳಿದರು.

"ಶಾಂತಾ, ಮಂದಿ ಏನ್ ಅನ್ನಾಕತ್ತಾರ ಗೊತ್ತೈತೇನು? ನಮ್ಮ ಮನಿ ಸೊಸಿ ಬಜಾರದಾಗ ಬಾನೆಟ್ ತಗದ ನಿಂತಿದ್ಳಂತ."

"ಎಂಜಿನ್ ಕುದ್ದಿತ್ರಿ ಭಾವಾರ. ಬಾನೆಟ್ ತಗೀದ, ಆರತಿ ಎತ್ತಲೇನ್ರಿ?"

"ಗುಜರಿಯಾಂವಗ ಹೇಳೀನಿ. ಬರೂ ತಿಂಗಳ ಬಂದ ಒಯ್ತಾನ. ಇದ ನಮ್ಮ ತಮ್ಮನ ಗಾಡಿ, ನಾಕ ಮಂದ್ಯಾಗ ನಗಿಗೀಡ ಆಗೂದ ಬ್ಯಾಡ."

ನಾನು ಸುಮ್ಮನಿರಬಹುದಿತ್ತು. ಇರಲಿಲ್ಲ. "ಕಾಕಾ, ಹೋದ ವರ್ಷ ನಿಮ್ಮ ಟ್ರ್ಯಾಕ್ಟರ್ ನಾಕ ಸಲ ರಸ್ತೆದಾಗ ನಿಂತಿತ್ತು. ಅದನ್ನ ಯಾಕ ಗುಜರಿಗೆ ಹಾಕಲಿಲ್ರಿ?"

"ಅದು ಟ್ರ್ಯಾಕ್ಟರ್ ಬೇ."

"ಅಂದ್ರ ಗಂಡಸ್ರು ನಿಂತ್ರ ರಿಪೇರಿ, ಹೆಂಗಸ್ರು ನಿಂತ್ರ ಮಾನ. ಹೌದಿಲ್ರಿ?"

"ಬಂದಳ್ರಿ ವಕೀಲಬಾಯಿ!" ಕಾಕಾ ಟೋಪಿ ತೆಗೆದು ತೊಡೆಯ ಮೇಲಿಟ್ಟರು. "ಹಂಗಾರ ನೀನ ಹೇಳು, ಈ ಡಬ್ಬಿ ಮತ್ತ ಕುದಿಯಂಗಿಲ್ಲ ಅಂತ ಗ್ಯಾರಂಟಿ ಕೊಡೂರ ಯಾರು?"

"ನಾ ಕೊಡ್ತೀನ್ರಿ. ಈ ತಿಂಗಳ ಮುಗಿಯೂದ್ರಾಗ ಮಟಮಟ ಮಧ್ಯಾಹ್ನ ಚಿಕ್ಕೋಡಿಯಿಂದ ಹೊಂಟ ಅಥಣಿಗೆ, ನಿಮ್ಮ ಬಾಗಲಿಗೆ ಬರ್ತೀವಿ. ದಾರ್ಯಾಗ ಬಾನೆಟ್ ತಗಿಯಂಗಿಲ್ಲ. ನೀರ ಹಾಕಂಗಿಲ್ಲ."

ಇಲ್ಲಿಗೆ ನಿಲ್ಲಿಸಬೇಕಿತ್ತು. ಆದರೆ ವೇದಿಕೆಯ ಚಟ ಎಂಥದೆಂದರೆ, ಎರಡು ಮಾತು ಆಡಿದ ಮೇಲೆ ಮೂರನೆಯದು ತಾನಾಗಿ ಬಾಯಿಗೆ ಬರುತ್ತದೆ. ಮೂರಿಲ್ಲದೆ ಚಪ್ಪಾಳೆ ಬೀಳುವುದಿಲ್ಲ. "ಒಂದ ಹನಿ ನೀರ ಸೈತ ಸೋರಂಗಿಲ್ಲ!" ಅಂದೆ.

"ಹನಿ ಸೈತ?"

"ಹನಿ ಸೈತ."

"ಸೋರಿದ್ರ, ಕುದ್ದ್ರ, ಕೀಲಿ ನನ್ನ ಕೈಯಾಗ ಇಡ್ಬೇಕು. ಆತಿಲ್ಲ ಶಾಂತಾ?"

ಮಾವಶಿ ನನ್ನ ಕಡೆ ಒಂದು ಕ್ಷಣ ನೋಡಿದಳು. ಪರೀಕ್ಷೆಯಲ್ಲಿ ನಕಲು ಮಾಡಿದ ಹುಡುಗಿಯನ್ನು ನೋಡುವ ನೋಟ. ಆಮೇಲೆ, "ಆಗ್ಲಿ ರೀ" ಅಂದಳು.

ಮರುದಿನ ಎಂಜಿನ್ನಿನ ಸುತ್ತ ನೀರು ತಿರುಗಿಸುವ ಪಂಪನ್ನು ಬಿಚ್ಚಿಸಿಕೊಂಡು ನಿಪ್ಪಾಣಿಗೆ ಹೋದೆವು. ಗ್ಯಾರೇಜಿನವರು ಅದನ್ನು ಕೈಯಲ್ಲಿ ಹಿಡಿದು ತಿರುಗಿಸಿ ನೋಡಿ ನಕ್ಕರು. ಇದರ ಬಿಡಿಭಾಗ ಈಗ ಮುಂಬಯಿಯಲ್ಲೂ ಇಲ್ಲ ಎಂದರು. ಪಕ್ಕದ ಲೇತ್ ಅಂಗಡಿಯ ಮುದುಕ ಮಾತ್ರ ಪಂಪಿನ ನಡುವಿನ ಕಂಬಿ, ಅಂದರೆ ಶಾಫ್ಟನ್ನು ಅಲುಗಾಡಿಸಿ, "ಇದು ಕಾರಿನವರ ಕೆಲಸ ಅಲ್ರಿ. ಅಲಖನೂರ ಯಲ್ಲಪ್ಪ ಕಾಂಬಳೆ ಅಂತ ಅದಾನ. ಹೊಳಿ ದಂಡಿ ಪಂಪ್‌ಹೌಸಿನ್ಯಾಗ ನೌಕರಿ. ಅವಂಗ ತೋರಿಸ್ರಿ" ಎಂದ.

ರವಿವಾರ ಬೆಳಿಗ್ಗೆ ಯಲ್ಲಪ್ಪ ಮಿಸ್ತ್ರಿ ಸೈಕಲ್ಲಿನ ಮೇಲೆ ಬಂದರು. ನಲವತ್ತರ ಆಸುಪಾಸು, ಇಸ್ತ್ರಿ ಮಾಡಿದ ಬಿಳಿ ಶರ್ಟು. ಅದನ್ನು ಬಿಚ್ಚಿ ಮೊಳೆಗೆ ತೂಗುಹಾಕಿ, ಬನಿಯನ್ನಿನಲ್ಲಿ ಅಂಗಳದಲ್ಲಿ ಕೂತರು. ಪಂಪಿನ ಹೊಟ್ಟೆಯಿಂದ ಚಹಾದ ಪುಡಿಯಂಥ ತುಕ್ಕು ಸುರಿಯಿತು. ನೀರು ತಳ್ಳುವ ರೆಕ್ಕೆಗಳು ತಿಂದು ತಿಂದು ಅರ್ಧವಾಗಿದ್ದವು. ಶಾಫ್ಟು ಒಂದು ಕಡೆ ಸವೆದು ಸೊಂಟ ಸಣ್ಣದಾಗಿತ್ತು.

"ಕುದೀಲಾರ್ದ ಏನ್ ಮಾಡೀತ್ರಿ ಬಾಯಾರ? ನೀರ ತಿರುಗೂದ ಇಲ್ಲ. ಗಾಡಿ ತಪ್ಪಲ್ಲ, ನಿಮ್ಮ ತಪ್ಪೂ ಅಲ್ಲ."

ಆ ಕೊನೆಯ ಮಾತಿಗೆ ಮಾವಶಿ ಎರಡನೆಯ ಸಲ ಚಹಾ ಮಾಡಲು ಒಳಗೆ ಹೋದಳು.

ಮುಂದಿನ ವಾರದ ಸಡಗರವನ್ನು ಏನೆಂದು ಹೇಳಲಿ! ಪಂಪ್‌ಹೌಸಿನಲ್ಲಿ ಎಸೆದಿದ್ದ ಹಳೆಯ ಮೋಟರಿನ ಶಾಫ್ಟಿನ ತುಂಡನ್ನು ಅಲ್ಲಿನ ಸಾಹೇಬರಿಗೆ ಹೇಳಿಯೇ ಮಿಸ್ತ್ರಿ ತಂದರು. ಲೇತಿನ ಮುದುಕ ಅದನ್ನು ತಿರುವಿ ಕನ್ನಡಿಯಂತೆ ಮಾಡಿಕೊಟ್ಟ. ಶಾಫ್ಟು ಕೂರುವ ಕಂಚಿನ ಹೊಸ ಬುಷ್ಷು, ಹಿತ್ತಾಳೆಯ ಹೊಸ ರೆಕ್ಕೆಗಳು ತಯಾರಾದವು. ಎರಡು ಭಾಗಗಳ ನಡುವೆ ಇಡುವ ಕಾಗದದ ಗ್ಯಾಸ್ಕೆಟ್ಟಿಗೆ ಮಾವಶಿಯ ಕಪಾಟಿನಲ್ಲಿದ್ದ ಚಿತ್ರಕಲೆಯ ಪುಸ್ತಕದ ದಪ್ಪ ರಟ್ಟು ಒದಗಿತು. ಅದನ್ನು ಪಂಪಿನ ಬಾಯಿಗೆ ಒತ್ತಿ ಹಿಡಿದು, ಅಂಚಿನ ಗುಂಟ ಸಣ್ಣ ಸುತ್ತಿಗೆಯಿಂದ ತಟ್ಟುತ್ತಾ ಹೋದರೆ ಬೇಕಾದ ಆಕಾರ ತಾನೇ ಕತ್ತರಿಸಿಕೊಳ್ಳುತ್ತಿತ್ತು. ಅದನ್ನು ಮಾಡಿದವಳು ನಾನು. ಢಾಲು ಹಿಡಿದಾಗಲೂ ಅಷ್ಟು ಬೀಗಿರಲಿಲ್ಲ.

ಕೊನೆಗೆ ಬಂತು ಪ್ಯಾಕಿಂಗ್ ದಾರ. ತಿರುಗುವ ಶಾಫ್ಟು ಪಂಪಿನಿಂದ ಹೊರಬರುವ ಕಡೆ ನೀರು ನುಗ್ಗದಂತೆ ಸುತ್ತುವ ಹತ್ತಿಯ ಹುರಿ ಅದು; ಕೊಬ್ಬು, ಕರಿಸೀಸದ ಪುಡಿ ತಿಂದು ಕಪ್ಪಗಿರುತ್ತದೆ. ಹೊಳೆಯ ಪಂಪಿನದು ಹೆಬ್ಬೆರಳಿನಷ್ಟು ದಪ್ಪ. ಮಿಸ್ತ್ರಿ ಎಳೆ ಬಿಚ್ಚಿ ಸಣ್ಣ ಮಾಡಿ, ಓರೆಯಾಗಿ ಕೊಯ್ದು, ಮೂರು ಉಂಗುರ ಕೂರಿಸಿದರು. ಒಂದರ ಸೀಳು ಇನ್ನೊಂದರ ಸೀಳಿನ ಎದುರಿಗೆ ಬರದಂತೆ ನೋಡಿಕೊಂಡರು. ಮೇಲೆ ಹುರಿಯನ್ನು ಒತ್ತಿಹಿಡಿಯುವ ಗ್ಲ್ಯಾಂಡ್ ನಟ್ಟು ಕೂರಿಸಿ ಬರೀ ಕೈಯಿಂದ ಬಿಗಿದರು. ಪಂಪು ಗಾಡಿಗೆ ಮರಳಿತು, ಎಂಜಿನ್ ಶುರುವಾಯಿತು. ಪಂಪಿನ ಮೂಗಿನಿಂದ ಒಂದು ಹನಿ ಇಳಿಯಿತು. ಆಮೇಲೆ ಇನ್ನೊಂದು.

"ಸೋರಾಕತ್ತೈತಿ!" ಅಂದೆ.

"ಸೋರಾಕತ್ತಿಲ್ಲ. ಹನಿಯಾಕತ್ತೈತಿ."

"ಏನ್ ಫರಕ್ ರೀ?"

"ನಿಂತಾಗ ಬೀಳೂದು ಸೋರೂದು. ಓಡೂ ಮುಂದ ಬೀಳೂದು ಹನಿಯೂದು. ಆ ಹನೀನ ಹುರಿಗೆ ಎಣ್ಣಿ, ಅದ ತಂಪ. ಹನಿಯೂದ ನಿಂತ್ರ ಹುರಿ ಸುಡತೈತಿ ತಂಗಿ."

"ಇದು ನಿಮಗ ಹೆಂಗ ಗೊತ್ತು?"

"ಹದಿನಾರ ವರ್ಷ ಹೊಳಿ ಪಂಪ್ ನಡಸೇನಿ."

"ಹೊಳಿ ಪಂಪಿಗೆ ಹೊಳಿ ಪೂರ್ತಿ ನೀರೈತಿ ಮಿಸ್ತ್ರಿ. ಇಲ್ಲಿ ಇರೂದು ಎರಡ ಕೊಡ. ಅಲ್ಲಿ ನಡದದ್ದು ಇಲ್ಲಿ ನಡೀತೈತಿ ಅನ್ನಾಕ ಆಧಾರ ಏನು?"

ಅವರು ಬೀಡಿ ಹುಡುಕತೊಡಗಿದರು. ನಾನು ಗೆದ್ದೆ ಅಂದುಕೊಂಡೆ. ನಿಜವಾದ ಕಾರಣ ಬೇರೆಯೇ ಇತ್ತು: ಕಾಕಾನ ಎದುರು ಹನಿ ಸೈತ ಸೋರಂಗಿಲ್ಲ ಎಂದು ಬಾಯಿ ಬಿಟ್ಟಿದ್ದೆ. ಅದನ್ನು ಹೇಳದೆ ವಾದವನ್ನು ಮುಂದಿಟ್ಟೆ. ಬಿಗಿಮಾಡಿರಿ ಎಂದು ಹಟ ಹಿಡಿದೆ. ಅವರು ಒಲ್ಲೆ ಎಂದರು. ಅವರು ಕೈ ತೊಳೆಯಲು ಹಿತ್ತಲಿಗೆ ಹೋದಾಗ ನಟ್ಟು ತಿರುಗಿಸುವ ಪಾನಾ ಎತ್ತಿಕೊಂಡು ನಾನೇ ಬಿಗಿದೆ. ಒಂದು ಸುತ್ತು, ಮತ್ತೊಂದು ಅರ್ಧ ಸುತ್ತು. ಹನಿ ನಿಂತಿತು. ನೆಲ ಒಣಗಿತು. ಆಹಾ ಎನಿಸಿತು.

ಮೂವರೂ ಗಾಡಿ ಹತ್ತಿ ನಿಪ್ಪಾಣಿ ರಸ್ತೆ ಹಿಡಿದೆವು. ನಾಲ್ಕು ಮೈಲು ಹೋಗಿರಲಿಲ್ಲ, ಬಾನೆಟ್ಟಿನೊಳಗಿಂದ ಹಂದಿ ಹಿಡಿದಂಥ ಕಿರುಚಾಟ ಎದ್ದಿತು. ಕೊಬ್ಬು ಸುಟ್ಟ ವಾಸನೆ. ಪಂಪು ತಿರುಗಿಸುವ ಬೆಲ್ಟು ಜಾರಿ ಹೊಗೆಯಾಡಿತು, ಗಾಜಿನ ಕೆಂಪು ಗೆರೆ ನೋಡುನೋಡುತ್ತಿದ್ದಂತೆ ನೆತ್ತಿಗೆ ಹೋಯಿತು. ಮಾವಶಿ ಬೇವಿನ ಮರದ ಕೆಳಗೆ ನಿಲ್ಲಿಸಿದಳು. ಮಿಸ್ತ್ರಿ ನಟ್ಟು ಮುಟ್ಟಿ ನೋಡಿದರು, ಪಾನಾದ ಹೊಸ ಗುರುತು ನೋಡಿದರು, ನನ್ನನ್ನು ನೋಡಿದರು.

ಪಂಪು ಆರಿದ ಮೇಲೆ ಬಿಚ್ಚಿದರೆ ಕನ್ನಡಿಯಂಥ ಶಾಫ್ಟಿನ ಮೇಲೆ ಗ್ರಾಮಫೋನ್ ತಟ್ಟೆಯಂತೆ ಗೀರುಗಳು. ಹುರಿ ಇದ್ದಿಲಾಗಿತ್ತು.

"ವಾದ ನೀ ಗೆದ್ದಿ ತಂಗಿ" ಅಂದರು. "ಶಾಫ್ಟ್ ಸೋತತಿ."

ತಪ್ಪನ್ನೆಲ್ಲ ಒಪ್ಪಿಕೊಂಡೆ, ಕಾಕಾನ ಜೊತೆ ಕಟ್ಟಿದ ಪಣ, ನಾನು ಸುಮ್ಮನೆ ಸೇರಿಸಿದ ಮೂರನೆಯ ಮಾತು, ಎಲ್ಲ ಹೇಳಿದೆ. ಮಿಸ್ತ್ರಿ ಕೇಳಿ ಗೊಳ್ಳೆಂದು ನಕ್ಕುಬಿಟ್ಟರು. "ಅಂದ್ರ ಪಂಪ್ ಸರಿಯಾದ್ರ ನೀವು ಸೋತಂಗ, ಕೆಟ್ರೂ ಸೋತಂಗ! ಎಂಥಾ ಷರತ್ ಹಾಕಿ ಬೇ ನೀನು!"

ಮಾವಶಿ ಬಯ್ಯಲಿಲ್ಲ. "ಇನ್ನೊಂದ ಶಾಫ್ಟಿಗೆ ಎಷ್ಟ ದಿನ ಯಲ್ಲಪ್ಪ?" ಎಂದಷ್ಟೇ ಕೇಳಿದಳು. ತಿಂಗಳಲ್ಲಿ ಉಳಿದದ್ದು ಒಂಬತ್ತೇ ದಿನ.

ಆರನೆಯ ದಿನ ಎರಡನೆಯ ಶಾಫ್ಟು ಕೂತಿತು. ಈ ಸಲ ನಾನು ಮಿಸ್ತ್ರಿಯ ಮಾತನ್ನು ಸುಮ್ಮನೆ ನಂಬಲಿಲ್ಲ, ಸುಮ್ಮನೆ ಅಲ್ಲಗಳೆಯಲೂ ಇಲ್ಲ. ಪಂಪಿನ ಕೆಳಗೆ ಸ್ಟೀಲಿನ ಲೋಟ ಕಟ್ಟಿ ಗೋಡೆಯ ಗಡಿಯಾರ ನೋಡುತ್ತಾ ಅಂಗಳದಲ್ಲಿ ಒಂದು ತಾಸು ಎಂಜಿನ್ ಓಡಿಸಿದೆವು. ಬಿಸಿಲಿಗೆ ನೆತ್ತಿ ಕಾಯುತ್ತಿತ್ತು, ನಾನು ಕದಲಲಿಲ್ಲ. ತಾಸು ಮುಗಿದಾಗ ಲೋಟದಲ್ಲಿ ಅರ್ಧಕ್ಕಿಂತ ಕಡಿಮೆ ನೀರು. ಅಥಣಿಗೆ ಎರಡೂವರೆ ತಾಸಿನ ದಾರಿ. ಎರಡು ಕೊಡದಲ್ಲಿ ಒಂದು ಲೋಟ! ಅಂಗಳದಲ್ಲಿ ಕುಣಿದಾಡಿದೆ. ಆಚೆಮನೆಯವರು ಪರೀಕ್ಷೆಯ ಫಲಿತಾಂಶ ಬಂದಿತೆಂದು ಪೇಢೆ ಕೇಳಿದರು.

ಆದರೆ ಮಾತು ಮಾತೇ. ಪಣವನ್ನು ಬದಲಿಸಲು ಕಾಕಾ ಒಪ್ಪಬೇಕಿತ್ತು. ಅವರಿಗೆ ಹೇಳಿಕಳಿಸಿದೆವು, ಕಡೆಯ ದಿನ ಬೆಳಿಗ್ಗೆ ಅವರೇ ಬಂದರು. ನಾನು ಎದ್ದು ನಿಂತೆ. ವೇದಿಕೆಯ ಮೇಲೆ ಎಂದೂ ಆಡದ ಮಾತು ಆಡಬೇಕಿತ್ತು.

"ಕಾಕಾ, ನಾ ಹೇಳಿದ್ದು ತಪ್ಪಾಗೇತಿ. ಹನಿ ಬೀಳತೈತಿ. ಬೀಳಬೇಕು. ಆ ಮಾತ ವಾಪಸ್ ತಗೋತೀನ್ರಿ."

"ವಾಪಸ್ ತಗೊಂಡ್ರ ಸೋತಂಗ ವಕೀಲಬಾಯಿ. ಕೀಲಿ ತಾ."

ಮಾವಶಿಯ ಕೈ ಸೊಂಟದ ಕೀಲಿಗೊಂಚಲಿಗೆ ಹೋಯಿತು. ಅಷ್ಟರಲ್ಲಿ ಕಟ್ಟೆಯ ತುದಿಯಲ್ಲಿದ್ದ ಯಲ್ಲಪ್ಪ ಮಿಸ್ತ್ರಿ, ಹವಾಮಾನದ ಬಗ್ಗೆ ವಿಚಾರಿಸುವ ಧಾಟಿಯಲ್ಲಿ ಕೇಳಿದರು: "ಅಣ್ಣಾರ, ನಿಮ್ಮ ಕಬ್ಬಿಗೆ ಹೊಳಿಗೆ ಮೋಟರ್ ಇಟ್ಟೀರೇನ್ರಿ?"

"ಇಟ್ಟೇನಿ. ಯಾಕ?"

"ಗ್ಲ್ಯಾಂಡ್ ಹನೀತತೇನ್ರಿ?"

"ಹನೀದ ಮತ್ತೇನ ಮಾಡತೈತಿ? ಹನೀಲಿಲ್ಲಂದ್ರ ಹುರಿ ಸುಟ್ಟ ಶಾಫ್ಟ್ ಹಾಳಾಗಿ ಹೋಗತೈತಿ! ನಮ್ಮ ಆಳಗೋಳಿಗೆ ಹೇಳಿ ಹೇಳಿ ಸಾಕಾಗೇತಿ, ಬಿಗೀಬ್ಯಾಡ್ರಲೇ ಬಿಗೀಬ್ಯಾಡ್ರಲೇ ಅಂತ..." ಕಾಕಾ ಅಲ್ಲಿಗೇ ನಿಂತರು. ಪಂಪು, ಮಿಸ್ತ್ರಿ, ನಾನು, ಮತ್ತೆ ಪಂಪು, ಎಲ್ಲದರ ಮೇಲೂ ಅವರ ಕಣ್ಣು ಓಡಾಡಿತು. "ಇದೂ ಅದ ಜಾತೀದೇನು?"

"ಅದ ರೀ. ಸಣ್ಣದು."

ನಾನು ಒಂದು ತಿಂಗಳಲ್ಲಿ ಮಾಡಲಾರದ ವಾದವನ್ನು ಅವರು ಒಂದು ಪ್ರಶ್ನೆಯಲ್ಲಿ ಮುಗಿಸಿದ್ದರು. ಕಾಕಾ ಟೋಪಿ ಸರಿಮಾಡಿಕೊಂಡರು. "ಆತು. ಹನೀಲಿ. ಆದ್ರ ಬಾನೆಟ್ ತಗಿಯಂಗಿಲ್ಲ, ನೀರ ಹಾಕಂಗಿಲ್ಲ, ಕುದಿಯಂಗಿಲ್ಲ. ನಾನೂ ಗಾಡ್ಯಾಗ ಬರ್ತೀನಿ. ನನ್ನ ಕಣ್ಣಲೇ ನೋಡ್ತೀನಿ."

ಅವರು ಮುಂದಿನ ಬಾಗಿಲಿಗೆ ಕೈ ಹಾಕಿದರು. "ಮುಂದ ಪಂಪಿನ ಸಪ್ಪಳ ಕೇಳೂರ ಕುಂಡ್ರತಾರ ಭಾವಾರ" ಎಂದಳು ಮಾವಶಿ, "ಯಲ್ಲಪ್ಪ ಮುಂದ ಬಾ. ನೀವು ಹಿಂದ." ದಲಿತರ ಕೇರಿಯ ಕಾಂಬಳೆ ಮುಂದೆ, ತಾವು ಹಿಂದೆ. ಕಾಕಾ ಒಂದು ಗಳಿಗೆ ಮೆಟ್ಟಿಲ ಮೇಲೆ ಕಾಲಿಟ್ಟುಕೊಂಡೇ ನಿಂತರು. ಆಮೇಲೆ ಬಂದು ನನ್ನ ಪಕ್ಕ ಕೂತರು.

ಮಧ್ಯಾಹ್ನದ ಬಿಸಿಲಲ್ಲಿ ಹೊರಟು ಅಂಕಲಿ ಊರನ್ನು ಸುಲಭವಾಗಿ ದಾಟಿದೆವು. ಸೇತುವೆಯ ಮೇಲೆ ಹೊಳೆಯ ಗಾಳಿ ತಾಗಿ ಕೆಂಪು ಗೆರೆ ಎರಡು ಎಳೆ ಇಳಿಯಿತು. ಮಾಂಜರಿ ಬಿಟ್ಟ ಮೇಲೆ ಗಾಳಿ ಬೆನ್ನಿಗೆ ಬಿತ್ತು. ನಮ್ಮ ಜೊತೆಗೇ ಓಡುವ ಗಾಳಿ ರೇಡಿಯೇಟರಿಗೆ ಏನೂ ಪ್ರಯೋಜನವಿಲ್ಲ. ಕಾಗವಾಡದ ಹೊರಗೆ ಮದುವೆಯ ದಿಬ್ಬಣದ ಟ್ರ್ಯಾಕ್ಟರೊಂದು ರಸ್ತೆಯ ನಡುವೆ ಬಾಜಾ ಬಾರಿಸುತ್ತಾ ತೆವಳುತ್ತಿತ್ತು. ಗೆರೆ ಏರಿತು. ಕಾಕಾ ಮುಂದಕ್ಕೆ ಬಾಗಿ, "ಏರಾಕತ್ತೈತಿ, ಏರಾಕತ್ತೈತಿ" ಎಂದು ಕಬಡ್ಡಿ ಆಡುವವರಂತೆ ಒಂದೇ ಉಸಿರಿನಲ್ಲಿ ಹೇಳತೊಡಗಿದರು. ಅವರು ಯಾರ ಪರ ಎಂಬುದು ಆಗಲೇ ಸ್ವಲ್ಪ ಮಸುಕಾಗಿತ್ತು.

ಶೇಡಬಾಳದ ಹತ್ತಿರ ರೈಲ್ವೆ ಗೇಟು ಬಿತ್ತು. ಮುಂದೆ ಲಾರಿ, ಹಿಂದೆ ಬಸ್ಸು. ತಲೆಯ ಮೇಲೆ ಸೂರ್ಯ. ನಿಂತ ಗಾಡಿಯ ಗಾಜಿನಲ್ಲಿ ಗೆರೆ ಕುದಿಯುವ ಗುರುತಿಗೆ ಬೆರಳಗಲ ದೂರದಲ್ಲಿತ್ತು.

"ಬಂದ್ ಮಾಡು ಶಾಂತಾ, ಎಂಜಿನ್ ಬಂದ್ ಮಾಡು!" ಕಾಕಾ ಕೂಗಿದರು. ನನಗೂ ಅದೇ ಸರಿಯೆನಿಸಿತು. ಬೆಂಕಿ ಆರಿಸಿದರೆ ನೀರು ಆರುತ್ತದೆ, ಇದಕ್ಕಿಂತ ಸರಳ ತರ್ಕ ಯಾವುದು? ಹೇಳಲು ಬಾಯಿ ತೆರೆದೆ.

"ಬಂದ್ ಮಾಡಬ್ಯಾಡ್ರಿ ಬಾಯಾರ" ಎಂದರು ಯಲ್ಲಪ್ಪ ಮಿಸ್ತ್ರಿ. ದನಿ ಏರಲಿಲ್ಲ. "ಎಂಜಿನ್ ನಿಂತ್ರ ಪಂಪೂ ನಿಂತತಿ. ಕಾದ ಕಬ್ಬಿಣ ನಿಂತ ನೀರನ್ನ ಕುದಸತೈತಿ. ಕಾಲ ಸ್ವಲ್ಪ ಒತ್ರಿ. ಪಂಪ್ ಜೋರ ತಿರುಗ್ಲಿ, ಫ್ಯಾನೂ ತಿರುಗ್ಲಿ."

ಮಾವಶಿ ಹಿಂದಕ್ಕೆ, ನನ್ನ ಕಡೆ ನೋಡಿದಳು. ಅವಳ ಹಣೆಯಿಂದ ಬೆವರು ಸ್ಟಿಯರಿಂಗಿನ ಮೇಲೆ ತೊಟ್ಟಿಕ್ಕುತ್ತಿತ್ತು. ತೆರೆದ ಬಾಯಿಯನ್ನು ಮುಚ್ಚಿಕೊಂಡೆ. "ಅವರು ಹೇಳಿದಂಗ ಮಾಡು ಮಾವಶಿ" ಅಂದೆ.

ಅವಳು ಕಾಲು ಒತ್ತಿದಳು. ಎಂಜಿನ್ ಗುಡುಗಿತು. ಗೆರೆ ಅಲ್ಲೇ ನಡುಗುತ್ತಾ ನಿಂತಿತು. ಗೂಡ್ಸ್ ಗಾಡಿಯ ಡಬ್ಬಿಗಳು ಒಂದರ ಹಿಂದೆ ಒಂದು, ಮುಗಿಯುವುದೇ ಇಲ್ಲವೇನೋ ಎಂಬಂತೆ. ಕಾಕಾ ನನ್ನ ಮೊಣಕೈ ಹಿಡಿದುಕೊಂಡಿದ್ದಾರೆಂಬುದು ಅವರಿಗೇ ಗೊತ್ತಿರಲಿಲ್ಲ. ಗೆರೆ ಕೂದಲೆಳೆಯಷ್ಟು ಇಳಿಯಿತು. ಮತ್ತೊಂದು ಎಳೆ.

"ಇಳೀತು!" ಕೂಗಿದವರು ಕಾಕಾ. "ಇಳೀತಲೇ ಯಲ್ಲಪ್ಪಾ!"

ಅಥಣಿಯ ಅವರ ಮನೆಯ ಮುಂದೆ ಗಾಡಿ ನಿಂತಾಗ ಕಾಕಾ ಎಲ್ಲರಿಗಿಂತ ಮೊದಲು ಇಳಿದು ಮೂತಿಯ ಕೆಳಗೆ ಬಾಗಿ ನೋಡಿದರು. ಮಾವಶಿ ಎಂಜಿನ್ ನಿಲ್ಲಿಸಿದಳು. ಕೊನೆಯ ಒಂದು ಹನಿ ಸಾರಿಸಿದ ಅಂಗಳಕ್ಕೆ ಬಿತ್ತು, ಮುಂದೆ ಬೀಳಲಿಲ್ಲ. ಕಾಕಾ ಅದನ್ನು ಬೆರಳಿನಿಂದ ಒತ್ತಿ, ಬೆರಳು ಉಜ್ಜಿ ನೋಡಿ, "ಹದ ಐತಿ" ಎಂದರು. ಗುಜರಿಯವನ ಮಾತು ಅವರ ಬಾಯಿಂದ ಮತ್ತೆ ಬರಲಿಲ್ಲ. ನಾನು ದಾರಿಯುದ್ದಕ್ಕೂ ಸಿದ್ಧ ಮಾಡಿದ್ದ ವಿಜಯ ಭಾಷಣಕ್ಕೂ ಜಾಗ ಸಿಗಲಿಲ್ಲ.

ಏಕೆಂದರೆ ಅಷ್ಟರಲ್ಲಿ ಕಾಕಾನ ಹೆಂಡತಿ, ನಮ್ಮ ಕಾಕು, ಹಿಟ್ಟಿನ ಕೈ ಒರೆಸಿಕೊಳ್ಳುತ್ತಾ ಹೊರಗೆ ಬಂದರು. ಗಾಡಿಯ ಸುತ್ತ ಒಮ್ಮೆ ತಿರುಗಿದರು. ಮಿಸ್ತ್ರಿ ಇಳಿದು ಖಾಲಿಯಾಗಿದ್ದ ಮುಂದಿನ ಸೀಟಿನಲ್ಲಿ ಹತ್ತಿ ಕೂತು, ಸೆರಗು ಬಿಗಿಯಾಗಿ ಸಿಕ್ಕಿಸಿ, ಬಾಗಿಲು ಎಳೆದುಕೊಂಡರು.

"ನಡಿ ಶಾಂತಾ."

"ಎಲ್ಲಿಗೆ ಬೇ?" ಕಾಕಾ ದಂಗಾಗಿ ಕೇಳಿದರು. "ಒಲಿ ಮ್ಯಾಲ ಅನ್ನ ಐತಿ!"

"ನೀವು ಇಳಿಸ್ರಿ" ಎಂದರು ಕಾಕು. "ಕುದ್ದ್ರ ಸಪ್ಪಳ ಬರತೈತಿ."

ಮಾವಶಿ ಕೀಲಿ ತಿರುವಿದಳು.